ಕಾರ್‌ಪೂಲ್‌ಗೆ ‘ಮುಯ್ಯಿ ಸವಾರಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯಲ್ಲಿ ಹಂಚಲು ಒಂದು ಚೀಟಿ ಬರೆಯುತ್ತಿದ್ದೇನೆ. ಒಂದು ಪದ ಸಿಗುತ್ತಿಲ್ಲ.

ಕೆಂಗೇರಿಯಿಂದ ಬನ್ನೇರುಘಟ್ಟ ರಸ್ತೆ ಕಡೆ ಕೆಲಸಕ್ಕೆ ಹೋಗುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ. ಮೊದಲು ನಾಲ್ಕು ಕಾರು ಹೊರಡುತ್ತಿದ್ದವು, ಒಂದೊಂದರಲ್ಲಿ ಒಬ್ಬೊಬ್ಬರೇ. ಈಗ ಒಂದೇ ಕಾರು. ಸೋಮವಾರ ನನ್ನದು, ಮಂಗಳವಾರ ಎದುರುಮನೆಯವರದು, ಹೀಗೆ. ಹೋಗಿ ಬರಲು ಸುಮಾರು 30 ಕಿ.ಮೀ. ಲೀಟರಿಗೆ 15 ಅಂದುಕೊಂಡರೂ ಎರಡು ಲೀಟರ್ ಪೆಟ್ರೋಲು ಬೇಕು. ಒಂದು ಲೀಟರ್ ಉರಿದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್. (ಪೆಟ್ರೋಲಿನ ತೂಕಕ್ಕಿಂತ ಜಾಸ್ತಿ ಹೇಗೆ ಅಂತ ಮೊದಲು ನನಗೂ ಆಶ್ಚರ್ಯವಾಗಿತ್ತು. ಉರಿಯುವಾಗ ಗಾಳಿಯ ಆಕ್ಸಿಜನ್ ಸೇರಿಕೊಳ್ಳುತ್ತದೆ, ಆ ತೂಕ ಅದು.) ನಾಲ್ವರದೂ ಸೇರಿ ದಿನಕ್ಕೆ 18 ಕೆ.ಜಿ. ಇದ್ದದ್ದು ಹತ್ತಿರಹತ್ತಿರ ಐದಕ್ಕೆ ಇಳಿದಿದೆ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಕಾರು ಹಂಚಿಕೆ’ ಅಂದರೆ ಯಾರೋ ಕಾರುಗಳನ್ನು ಹಂಚುತ್ತಿದ್ದಾರೆ ಅನ್ನಿಸುತ್ತದೆ. ‘ಸಹಪ್ರಯಾಣ’ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೊಂದುತ್ತದೆ. ಇನ್ನೊಂದು ವಿಷಯ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ಅದಕ್ಕೆ ಹಳದಿ ಬೋರ್ಡು, ಪರ್ಮಿಟ್ ಬೇಕು. ನಾವು ದುಡ್ಡು ಮುಟ್ಟುವುದೇ ಇಲ್ಲ. ಅದು ಪದದಲ್ಲೇ ಗೊತ್ತಾಗಬೇಕು ಅಂತ ನನ್ನಾಸೆ.

ಆಗ ನೆನಪಾದದ್ದು ‘ಮುಯ್ಯಿ’. ನಮ್ಮಜ್ಜಿ ಮನೆ ತೀರ್ಥಹಳ್ಳಿ ಕಡೆ. ನಾಟಿ ಸಮಯದಲ್ಲಿ ಇವತ್ತು ಪಕ್ಕದ ಮನೆ ಗದ್ದೆಗೆ ಇವರು, ನಾಳೆ ಇವರ ಗದ್ದೆಗೆ ಅವರು. ಮುಯ್ಯಾಳು ಅಂತಲೇ ಹೆಸರು. ಕೂಲಿ ಇಲ್ಲ, ಆದರೆ ಲೆಕ್ಕ ಉಂಟು. ಯಾರ ಮನೆಯಿಂದ ಎಷ್ಟು ಆಳು ಬಂದರು ಅಂತ ಅಜ್ಜಿ ಅಡುಗೆಮನೆ ಗೋಡೆ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿಡುತ್ತಿದ್ದರು. ಆಳು ವಾಪಸ್ ಹೋದ ಹಾಗೆ ಒಂದೊಂದೇ ಗೀಟು ಒರೆಸುತ್ತಿದ್ದರು. ನಮ್ಮ ನಾಲ್ವರ ಕಾರಿನ ಲೆಕ್ಕವೂ ಇದೇ ಅಲ್ವಾ?

ಒಂದೇ ಅಳುಕು. ‘ಮುಯ್ಯಿಗೆ ಮುಯ್ಯಿ’, ‘ಮುಯ್ಯಿ ತೀರಿಸಿಕೊಂಡ’ ಅಂದಾಗ ಸೇಡಿನ ಅರ್ಥ ಬರುತ್ತದೆ. ಮದುವೆಯಲ್ಲಿ ಮುಯ್ಯಿ ಓದಿಸುವಾಗ ಆ ವಾಸನೆಯೇ ಇಲ್ಲ. ಮೂಲದಲ್ಲಿ ಎರಡೂ ಒಂದೇ, ಪಡೆದದ್ದನ್ನು ತಿರುಗಿ ಕೊಡುವುದು. ಆದರೆ ಬೆಂಗಳೂರಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಮೊದಲು ಹೊಳೆಯುವುದು ಯಾವುದು?

ಉತ್ತರ ಕರ್ನಾಟಕದವರ ‘ಪಾಳಿ’ಯೂ ಮನಸ್ಸಿನಲ್ಲಿದೆ. ‘ಪಾಳಿ ಕಾರು’ ಚಿಕ್ಕದಾಗಿ ಚೆನ್ನಾಗಿದೆ, ಆದರೆ ಫ್ಯಾಕ್ಟರಿ ಶಿಫ್ಟಿನ ಗಾಡಿ ಅಂದುಕೊಂಡಾರು. ನಿಮ್ಮ ಊರಲ್ಲಿ ಮುಯ್ಯಾಳು ಪದ್ಧತಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಚೀಟಿ ಭಾನುವಾರ ಅಚ್ಚಿಗೆ ಹೋಗುತ್ತದೆ.