‘ದತ್ತಾಂಶ ಪ್ರವೇಶ’ ಅಂದ್ರೆ ಎಂಟ್ರಿನಾ, ಆಕ್ಸೆಸ್ಸಾ?

ನಮಸ್ಕಾರ. ದಾವಣಗೆರೆಯಲ್ಲಿ ಮೆಕ್ಕೆಜೋಳದ ದಲಾಲಿ ಮಂಡಿಯೊಂದರ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಹಳೆ ಕೋಡ್ ಎಡಿಒ ರೆಕಾರ್ಡ್‌ಸೆಟ್‌ನಲ್ಲಿದೆ. ಡೇಟಾಬೇಸ್‌ನಿಂದ ಲೆಕ್ಕ ತರಲು, ಅಲ್ಲಿಗೆ ಬರೆಯಲು ಮೈಕ್ರೋಸಾಫ್ಟ್ ಕೊಟ್ಟ ಸಲಕರಣೆ ಅದು. ಅದೇ ಕೆಲಸಕ್ಕೆ ಅವರದೇ ಇನ್ನೊಂದು ಸಲಕರಣೆಯಾದ ಎಂಟಿಟಿ ಫ್ರೇಮ್‌ವರ್ಕ್‌ಗೆ ಹೋಗೋಣವೇ ಎಂದು ಸಾಹುಕಾರರಿಗೆ ಒಂದು ಟಿಪ್ಪಣಿ ಬರೆದೆ. ತಲೆಬರಹ ‘ಹೊಸ ದತ್ತಾಂಶ ಪ್ರವೇಶ ವಿಧಾನ’. ಗುಮಾಸ್ತರು ಓದಿ ಗಾಬರಿಯಾದರು. “ಏನ್ ಸಾರ್, ಈ ಸೀಸನ್ ಚೀಟಿ ಎಲ್ಲಾ ಮತ್ತೆ ಎಂಟ್ರಿ ಹೊಡೀಬೇಕಾ?”

ತಪ್ಪು ಅವರದಲ್ಲ. ಗೃಹಪ್ರವೇಶದಲ್ಲಿ ಮನೆಯೊಳಗೆ ಹೋಗುವವರು ನಾವು. ಪಾತ್ರಪ್ರವೇಶದಲ್ಲಿ ಪಾತ್ರವೇ ರಂಗಕ್ಕೆ ಬರುತ್ತದೆ. ಹಾಗಾದರೆ ದತ್ತಾಂಶ ಪ್ರವೇಶ ಯಾವ ಬಗೆಯದು? ನಾನು ಮೊದಲನೆಯದು (ನಾವು ದತ್ತಾಂಶದ ಬಳಿ ಹೋಗುವ ಆಕ್ಸೆಸ್) ಎಂದುಕೊಂಡು ಬರೆದೆ, ಅವರು ಎರಡನೆಯದು (ದತ್ತಾಂಶ ಒಳಗೆ ಬರುವ ಎಂಟ್ರಿ) ಎಂದು ಓದಿದರು. ದಿನಾ ಎಂಟ್ರಿ ಮಾಡುವವರಿಗೆ ಇನ್ನೇನು ಹೊಳೆಯಬೇಕು, ಅಲ್ವಾ?

ಅವರ ಬಾಯಲ್ಲೇ ಒಳ್ಳೆ ಮಾತಿದೆ. ಕಿರ್ದಿಯಿಂದ ಲೆಕ್ಕ ‘ಎತ್ತೋದು’, ಖಾತೆಗೆ ‘ಏರಿಸೋದು’. ನನಗೆ ಬಹಳ ಹಿಡಿಸಿತು. ಆದರೆ ಆಕ್ಸೆಸ್ ಅನ್ನುವಲ್ಲಿ ಎತ್ತೋದೂ ಇದೆ, ಏರಿಸೋದೂ ಇದೆ. ಎರಡಕ್ಕೂ ಸೇರಿ ‘ಎಟುಕು’ ಅನ್ನಬಹುದೇ? ‘ದತ್ತಾಂಶ ಎಟುಕು’ ಕಿವಿಗೆ ಸ್ವಲ್ಪ ಒರಟು.

‘ಹಳೆ’, ‘ಹೊಸ’ ಕೂಡ ಕೈಕೊಟ್ಟವು. ಎಡಿಒ ಬಂದದ್ದು 1996ರಲ್ಲಿ, ಅದರ ಮುಂದಿನ ಪೀಳಿಗೆ ಎಡಿಒ ಡಾಟ್‌ನೆಟ್ 2002ರಲ್ಲಿ, ಎಂಟಿಟಿ ಫ್ರೇಮ್‌ವರ್ಕ್ 2008ರಲ್ಲಿ. ಮಧ್ಯದ್ದನ್ನು ಹಳೆಯದು ಅನ್ನುವುದು ಹೇಗೆ? ಎಂಟಿಟಿ ಫ್ರೇಮ್‌ವರ್ಕ್ ಒಳಗೊಳಗೇ ಅದನ್ನೇ ಬಳಸುತ್ತದೆ. ಅಲ್ಲದೆ ಅಕ್ಕಿ ಗಿರಣಿಗಳ ಊರು ನಮ್ಮದು. ಇಲ್ಲಿ ಹಳೆ ಅಕ್ಕಿಗೇ ರೇಟು ಜಾಸ್ತಿ. “ಹಳೇದು ಕೆಟ್ಟಿದೆಯೇನಪ್ಪಾ?” ಎಂದು ಸಾಹುಕಾರರು ಕೇಳಿದರು. ಕೆಟ್ಟಿಲ್ಲ. ವರ್ಷದ ಕೊನೆಯ ದೊಡ್ಡ ರಿಪೋರ್ಟ್‌ಗೆ ಈಗಲೂ ನಾನೇ ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಬರೆಯುವವನು. ಬಿಲ್ಲಿನ ಸ್ಕ್ರೀನ್‌ಗೆ ಮಾತ್ರ ಹೊಸದು ಸಾಕು.

ಅದಕ್ಕೇ ಕಾಲದ ಹೆಸರು ಬಿಟ್ಟು, ಕೆಲಸದ ಹೆಸರು ಇಡೋಣ ಅನ್ನಿಸಿದೆ. ನಾವೇ ಎಸ್‌ಕ್ಯೂಎಲ್ ಬರೆದರೆ ‘ನೇರ’. ಎಂಟಿಟಿ ಫ್ರೇಮ್‌ವರ್ಕ್ ನಮ್ಮ ಪರವಾಗಿ ಬರೆದರೆ ‘ದಲಾಲರ ಮೂಲಕ’. ಮಂಡಿಯವರಿಗೆ ವಿವರಿಸುವುದೇ ಬೇಡ. ನಡುವೆ ಒಬ್ಬರಿದ್ದಾರೆ, ಓಡಾಟ ತಪ್ಪುತ್ತದೆ, ಕಮಿಷನ್ ಆಗಿ ಒಂಚೂರು ವೇಗ ಹೋಗುತ್ತದೆ. ತೊಡಕು ಒಂದೇ, ಓದುವ ಸಾಹುಕಾರರೂ ದಲಾಲರೇ. ಸುಮ್ನೆ ಮುನಿಸಿಕೊಂಡಾರು!

‘ದಲಾಲ’ ಬಿಟ್ಟು ‘ಮಧ್ಯವರ್ತಿ’ ಅಂದರೆ ಕಚೇರಿ ವಾಸನೆ ಬರುತ್ತದೆ. ನಿಮ್ಮ ಕಡೆ ಬೇರೆ ಮಾತಿದೆಯೇ? ‘ಎಟುಕು’ ಬಗ್ಗೆಯೂ ಹೇಳಿ. ಟಿಪ್ಪಣಿ ಸೋಮವಾರ ಮತ್ತೆ ಕೊಡಬೇಕು.