ಸಹಾಯ ಬೇಕು: ವಿಮಾ ಓಂಬುಡ್ಸ್‌ಮನ್‌ಗೆ (ವಿಮಾ ಕಂಪನಿ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಟ್ಟವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ. ಅಪ್ಪನಿಗೆ ಮಂಗಳೂರಲ್ಲಿ ಬೈಪಾಸ್ ಆಯಿತು, ಈಗ ಆರಾಮ ಇದ್ದಾರೆ. ಆದರೆ ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿದೆ. ಪಾಲಿಸಿ ಮಾಡುವಾಗ ಬಿಪಿ ಇದ್ದದ್ದನ್ನು ಮುಚ್ಚಿಟ್ಟಿದ್ದಾರೆ ಅಂತ ಕಾರಣ ಕೊಟ್ಟಿದ್ದಾರೆ. ಆಗ ಅಪ್ಪನಿಗೆ ಬಿಪಿ ಇರಲೇ ಇಲ್ಲ! ಏಳು ವರ್ಷದಿಂದ ಒಂದು ಕಂತೂ ತಪ್ಪಿಸದೆ ಕಟ್ಟಿದ್ದಾರೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 2024ರ ನಿಯಮದ ಪ್ರಕಾರ ಪಾಲಿಸಿ ಸತತ 60 ತಿಂಗಳು ನಡೆದ ಮೇಲೆ, ವಂಚನೆ ಸಾಬೀತಾಗದೆ ಹೀಗೆ ತಿರಸ್ಕರಿಸುವ ಹಾಗಿಲ್ಲ, ಅಲ್ವಾ?

ನಮ್ಮದು ಎಪಿಎಲ್ ಕಾರ್ಡ್. ಸರ್ಕಾರದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಚಿಕಿತ್ಸಾ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ನಮಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ದರ) ಶೇ. 30 ಮಾತ್ರ. ಅದಕ್ಕೇ ಅಪ್ಪ ವಿಮೆ ಮಾಡಿಸಿದ್ದು.

ಕಂಪನಿಗೆ ದೂರು ಬರೆದು ತಿಂಗಳು ಕಳೆದರೂ ಉತ್ತರ ಬಂದಿಲ್ಲ. ಇನ್ನು ಬೆಂಗಳೂರಿನ ಓಂಬುಡ್ಸ್‌ಮನ್ ಕಚೇರಿಗೆ ಕೊಡಬೇಕು. ಶುಲ್ಕ ಇಲ್ಲ, ವಕೀಲರೂ ಬೇಡ ಅಂತ ಗೊತ್ತು. ವಿಚಾರಣೆಗೆ ಬೆಂಗಳೂರಿಗೇ ಹೋಗಬೇಕಾ, ವಿಡಿಯೋದಲ್ಲಿ ಆಗುತ್ತದಾ? ಆಗ ಬಿಪಿ ಇರಲಿಲ್ಲ ಅಂತ ತೋರಿಸಲು ಹಳೆಯ ಡಾಕ್ಟರ್ ಹತ್ತಿರ ಯಾವ ಪತ್ರ ಬರೆಸಿಕೊಳ್ಳಬೇಕು? ಕೈಸಾಲ ತೀರಿಸಬೇಕಿದೆ. ಅನುಭವ ಇದ್ದವರು ದಯವಿಟ್ಟು ಇಲ್ಲೇ ತಿಳಿಸಿ.