ನಾಗರಿಕತೆ ಕುಸಿದ ಮೇಲಿನ ಮಂಗಳೂರು: ಫ್ಯಾಂಟಸಿಗೆ ಏನೇನು ಉಳಿಸಬೇಕು?

ಕಡಲತಡಿ: ಎಲ್ಲ ಕುಸಿದು 30 ವರ್ಷವಾದ ಮಂಗಳೂರಿನ ಮೇಲೆ ಕಾದಂಬರಿ ಬರೆಯುತ್ತಿದ್ದೇನೆ. ಊರಲ್ಲಿ ಏನು ಉಳಿದಿರುತ್ತದೆ? ಇಂಥ ಕಥೆ ಓದುಗರನ್ನು ಹಿಡಿಯುವುದು ಯಾವುದರಿಂದ?

ಮುರಕಲ್ಲು: ಮಳೆಯಿಂದ ಶುರು ಮಾಡಿ. ವರ್ಷಕ್ಕೆ ಸುಮಾರು 3,500 ಮಿ.ಮೀ. ಸುರಿಯುವ ಊರಿದು. ಹಂಚು ಕೊಳೆಯುವುದಿಲ್ಲ, ಆದರೆ ಒಂದು ಜಾರಿದರೆ ಸಾಕು, ನೀರಿಳಿದು ಹಂಚು ಹೊತ್ತ ಮರದ ಪಕ್ಕಾಸು, ರೀಪು ಕುಂಬಾಗಿ (ಕೊಳೆತು) ಇಡೀ ಛಾವಣಿಯೇ ಬೀಳುತ್ತದೆ. ಮುರಕಲ್ಲಿನ (ಇಲ್ಲಿನ ಕೆಂಪುಕಲ್ಲಿನ) ಗೋಡೆ ನಿಂತಿರುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿದು, ಉಬ್ಬಿ, ಸ್ಲ್ಯಾಬನ್ನು ಸೀಳುತ್ತದೆ. ಪೆಟ್ರೋಲ್ ಒಂದೆರಡು ವರ್ಷದಲ್ಲೇ ಕೆಡುತ್ತದೆ, ಬೈಕ್ ಓಡಿಸಬೇಡಿ. ಊರಿಗೆ ನೇತ್ರಾವತಿ ನದಿಯ ನೀರು ಕೊಡುವ ತುಂಬೆಯ ಪಂಪ್ ನಿಂತರೆ ನಲ್ಲಿಯೂ ನಿಂತಂತೆ. ಹಾಗಾಗಿ ಬಾವಿ ಇದ್ದವರೇ ದೊರೆಗಳು.

ತೆಂಕುತಿಟ್ಟು: ಓದುಗರನ್ನು ಹಿಡಿಯುವುದು ಗುರುತು. ನಗರದ ನಡುವಿನ ಹಂಪನಕಟ್ಟೆ ಗೊತ್ತಿದ್ದವರಿಗೆ ಅಲ್ಲಿ ಆಲದ ಬೇರು ಇಳಿದದ್ದನ್ನು ತೋರಿಸಿ, ಉಳಿದದ್ದನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಬರೆಯುವವರಿಗೂ ಲಾಭವಿದೆ: ಫೋನ್, ಪೊಲೀಸ್, ಬ್ಯಾಂಕ್ ಇಲ್ಲದ ಕಡೆ ಪ್ರತಿ ನಿರ್ಧಾರಕ್ಕೂ ತೂಕ ಬರುತ್ತದೆ. ಆ ತೂಕವನ್ನು ಮಂತ್ರಶಕ್ತಿ ಕೆಡಿಸದಿರಲಿ. ಮಂತ್ರದಿಂದಲೇ ಅನ್ನ ಹುಟ್ಟಿದರೆ ಅಕ್ಕಿಮುಡಿಗಾಗಿ (ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಗಾಗಿ) ಯಾರು ಹೊಡೆದಾಡುತ್ತಾರೆ? ಮಂತ್ರಕ್ಕೆ ತೆರಬೇಕಾದ ಬೆಲೆ, ಅದರ ಮಿತಿ ಎರಡನ್ನೂ ಮೊದಲ ಮೂರು ಅಧ್ಯಾಯದೊಳಗೇ ತೋರಿಸಿ. ತುಳುನಾಡಿನ ದೈವಗಳನ್ನು ತರುವುದಾದರೆ ಅವು ಕೊಡುವ ನುಡಿ, ಕಟ್ಟುಕಟ್ಟಳೆ ಸಮೇತ ತನ್ನಿ. ಬರೀ ರಾಕ್ಷಸರನ್ನಾಗಿ ಮಾಡಿದರೆ ಊರಿನವರು ಪುಸ್ತಕ ಮುಚ್ಚಿಡುತ್ತಾರೆ.

ಮುರಕಲ್ಲು: ಇನ್ನೊಂದು, ಬೇಸಗೆಯಲ್ಲಿ ನೇತ್ರಾವತಿಯ ಹರಿವು ಇಳಿದಾಗ ಭರತದ (ಕಡಲ ಉಬ್ಬರದ) ಉಪ್ಪುನೀರು ಅಳಿವೆಯಿಂದ ಮೇಲಕ್ಕೆ ನುಗ್ಗುತ್ತದೆ. ಸಿಹಿನೀರಿಗಾಗಿ ನಡೆಯುವ ನಿಮ್ಮ ಕಥೆಯ ಜಗಳವನ್ನು ಏಪ್ರಿಲ್–ಮೇ ತಿಂಗಳಲ್ಲಿಡಿ.